ಆಮೇಲೆ ಏನಾಯಿತು

ಮಾರ್ಚ್ 11, 1991, ಸೋಮವಾರ

ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ಹೇಳದೆ ಇರುವುದಕ್ಕೂ ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಚರ್ಚಿನಲ್ಲಿ, ಆರಾಧನೆಗೆ ಮುಂಚಿನ ದೊಡ್ಡವರ ತರಗತಿಯಲ್ಲಿ, ಓರಿನ್ ಎಂದಿನಂತೆ ಪಾಠ ಮಾಡುತ್ತಿದ್ದ. ಈಸ್ಟರ್ ಹತ್ತಿರ ಬಂತು, ವಿಷಯ ಪುನರುತ್ಥಾನ. ಅವನಿಗೆ ಅದು ನೀರು ಕುಡಿದಷ್ಟು ಸಲೀಸು. ಯೇಸು ನಿಜವಾಗಿ ಎದ್ದು ಬಂದನೆಂದು ವಕೀಲನ ಹಾಗೆ ವಾದಿಸಿ ಹನ್ನೊಂದು ಪುಸ್ತಕ ಬರೆದವನು ನನ್ನ ಗಂಡ. ಅವನ 'ಮೂರನೆಯ ಬೆಳಗು' ಓದಿ ಮನಸ್ಸು ತಿರುಗಿದವರು ಅಲಾಸ್ಕಾದಲ್ಲೂ ಇದ್ದಾರೆ. ಅಂಥವನು ನಿನ್ನೆ "ಆತನ್ನ ಒಂದು ಹೊಸ..." ಎಂದು ನಿಂತುಬಿಟ್ಟ. ಕೈ ಗಾಳಿಯಲ್ಲೇ ಇತ್ತು.

"ಒಂದು ಹೊಸ... ಅದೇ... ಸತ್ತವರನ್ನ ಇಡ್ತಾರಲ್ಲ, ಆ ಕೋಣೆ."

ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡರು. ಅವನೂ ನಕ್ಕ. ನಾನು ಮಾತ್ರ ನಗಲಿಲ್ಲ. ಅವನ ಕಣ್ಣು ನನ್ನನ್ನು ಹುಡುಕುತ್ತಿತ್ತು, ನೀರಿಗೆ ಬಿದ್ದವನ ಕಣ್ಣಿನ ಹಾಗೆ.

ಸಮಾಧಿ. ಆ ಒಂದು ಪದದ ಮೇಲೆ ಮೂವತ್ತು ವರ್ಷದಿಂದ ನಮ್ಮ ಮನೆ ನಿಂತಿದೆ.

ಮನೆಗೆ ಬರುವಾಗ ಕೇಳಿದೆ. "ಆಯಾಸ ಕಣೇ," ಅಂದ. ಓರಿನ್ ಹಾಗೆ ಹೇಳಿದರೆ ಹಾಗೇ ಇರಬೇಕು.

ಮಾರ್ಚ್ 20

ಅಂಚೆ ಕಚೇರಿಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ನಮ್ಮ ಮಾರ್ಬಲ್ ಫೋರ್ಕ್‌ನಲ್ಲಿ ಅಂಚೆ ಕಚೇರಿ ಎಂದರೆ ಕೂಗಿದರೆ ಕೇಳುವಷ್ಟು ದೂರ. ಗಾಡಿ ಅವನೇ ಒಯ್ದಿದ್ದ, ಇದ್ದಿದ್ದರೂ ನನಗೆ ಊರಾಚೆ ಓಡಿಸುವ ಅಭ್ಯಾಸವಿಲ್ಲ, ಹೆದ್ದಾರಿ ಕಂಡರೆ ಕೈ ಬೆವರುತ್ತದೆ. ಕಿಟಕಿಯಲ್ಲೇ ನಿಂತಿದ್ದೆ. ಕೊನೆಗೆ ಪಕ್ಕದ ಮನೆಯ ಓಪಲ್‌ಳ ಗಂಡ ಅವನನ್ನು ಕರೆತಂದ. ಅಣೆಕಟ್ಟಿನ ಹತ್ತಿರ ಗಾಡಿ ನಿಲ್ಲಿಸಿಕೊಂಡು ನೀರು ನೋಡುತ್ತಾ ಕೂತಿದ್ದನಂತೆ.

ಹಿಂದೆಯೇ ಓಪಲ್ ಬಂದಳು. ಅವಳ ಬಾಯಿಗೆ ಬಿದ್ದರೆ ಭಾನುವಾರದೊಳಗೆ ಇಡೀ ಚರ್ಚಿಗೆ ಗೊತ್ತಾಗುತ್ತದೆ.

"ಏನೇ ಲಿಯೋಟಾ, ನಿನ್ ಗಂಡ ಕೆಲಸ ಬಿಟ್ಟು ಮೀನು ಎಣಿಸ್ತಾ ಕೂತಿದ್ನಂತೆ?"

"ಹೊಸ ಪುಸ್ತಕದ ಯೋಚನೆ ಕಣೇ. ಅವನು ಯೋಚನೆಗೆ ಬಿದ್ದರೆ ಹಾಗೇ."

"ಪುಸ್ತಕದ ಯೋಚನೇಲಿ ನಮ್ಮೋನು ಗಾಡಿ ಓಡಿಸಿದ್ರೆ ನಾನು ಅವನ ಕಿವಿ ಹಿಂಡ್ತಿದ್ದೆ," ಅಂದಳು. ನಕ್ಕೆ. ಎಷ್ಟು ಸುಲಭವಾಗಿ ಸುಳ್ಳು ಬಂತು ನನಗೆ.

ಮಾರ್ಚ್ 31, ಈಸ್ಟರ್

ಇವತ್ತು ಎಷ್ಟು ಚೆನ್ನಾಗಿ ಪ್ರಾರ್ಥಿಸಿದ! ಒಂದು ಪದವೂ ತಪ್ಪಲಿಲ್ಲ. ಮನೆಗೆ ಬಂದು ಹಂದಿಮಾಂಸ ಕೊಯ್ಯುತ್ತಾ ಹಾಡಿದ. ನಾನೇ ಸುಮ್ಮನೆ ಹೆದರಿ ಸತ್ತೆ.

ಏಪ್ರಿಲ್ 9

ಸುಮ್ಮನೆ ಅಲ್ಲ.

ಸ್ಪ್ರಿಂಗ್‌ಫೀಲ್ಡ್‌ನ ವೈದ್ಯರು ಅವನಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಂಕಿಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿದ. ಆಮೇಲೆ ಅದನ್ನು ತಾನೇ ನೋಡಿದ, ಯಾರೋ ಬೇರೆಯವರು ಬರೆದದ್ದನ್ನು ನೋಡುವ ಹಾಗೆ. ಕಾಯಿಲೆಯ ಹೆಸರು ಹೇಳುವಾಗ ವೈದ್ಯರು ನನ್ನ ಮುಖ ನೋಡಿದರು, ಅವನದನ್ನಲ್ಲ. ನನಗೆ ಸಿಟ್ಟು ಬಂತು.

ಗಾಡಿ ನಿಲ್ಲಿಸುವ ಜಾಗದಲ್ಲಿ ಓರಿನ್ ಬಾಗಿಲು ತೆಗೆಯದೆ ನಿಂತ.

"ಟುಲ್ಸಾ ಆಗೋ ತನಕ ಯಾರಿಗೂ ಹೇಳಬಾರದು."

ಟುಲ್ಸಾದಲ್ಲಿ ಮೇ ಹನ್ನೊಂದಕ್ಕೆ ಪ್ರೊಫೆಸರ್ ಲೈಲ್ ಬ್ರಾಂಟ್ ಜೊತೆ ಬಹಿರಂಗ ವಾದ ನಿಗದಿಯಾಗಿದೆ. ಇಪ್ಪತ್ತು ವರ್ಷದಿಂದ ಇಬ್ಬರೂ ಊರೂರು ತಿರುಗಿ ಕುಸ್ತಿ ಆಡುತ್ತಿದ್ದಾರೆ. ಬ್ರಾಂಟ್ ದೇವರಿಲ್ಲ ಎನ್ನುವವನು, ಎಲುಬಿಲ್ಲದ ನಾಲಿಗೆ ಹೇಗೆ ಬೇಕೋ ಹಾಗೆ ಹೊರಳಿಸುತ್ತಾನೆ. ನಮ್ಮವರು ಅವನ ಹೆಸರು ಕೇಳಿದರೆ ಉಗುಳುತ್ತಾರೆ.

"ಬಿಟ್ಟುಬಿಡು ಓರಿನ್. ಹುಷಾರಿಲ್ಲ ಅಂತ ಹೇಳಿಬಿಡೋಣ."

"ಬೆನ್ನು ತೋರಿಸಿದೆ ಅಂತಾನೆ. ನಾನು ದೇವರಿಗೆ ಕೊಟ್ಟಿದ್ದು ಇದೊಂದೇ ಕಣೇ," ಅಂತ ಹಣೆ ಮುಟ್ಟಿಕೊಂಡ. "ಹಾಡಕ್ಕೆ ಬರಲ್ಲ, ಸೇವೆ ಮಾಡೋ ಕೈ ಅಲ್ಲ ನಂದು. ಬುದ್ಧಿ ಇತ್ತು, ಕೊಟ್ಟೆ. ಇದೂ ಹೋದ್ರೆ ನಾನು ಯಾವುದರಿಂದ ನಂಬಲಿ?"

ಇಂಥದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದವನು ಅವನೇ.

ಏಪ್ರಿಲ್ 18

ಪ್ರಕಾಶನದ ಕಾರ್ವರ್ ಫೋನ್ ಮಾಡಿದ. ಸಭಾಂಗಣ ಭರ್ತಿಯಂತೆ, ಧ್ವನಿಸುರುಳಿ ಮಾಡಿ ಚರ್ಚುಗಳಿಗೆಲ್ಲ ಹಂಚುತ್ತಾರಂತೆ. "ಯಜಮಾನರು ಹೇಗಿದ್ದಾರೆ?" ಅಂದ. "ಕುದುರೆ ಹಾಗಿದ್ದಾರೆ," ಅಂದೆ. ಫೋನ್ ಇಟ್ಟ ಮೇಲೆ ಸಿಂಕಿನ ಅಂಚು ಹಿಡಿದು ನಿಂತೆ.

ಏಪ್ರಿಲ್ 22

ದಿನಾ ಅಡುಗೆಮನೆಯಲ್ಲಿ ತಾಲೀಮು. ನಾನು ಬ್ರಾಂಟ್. ಓರಿನ್‌ನ ಪುಸ್ತಕಗಳನ್ನೆಲ್ಲ ಟೈಪ್ ಮಾಡಿದವಳು ನಾನೇ, ಅವುಗಳಲ್ಲಿ ಬ್ರಾಂಟ್ ಎತ್ತಿದ ಆಕ್ಷೇಪಗಳೆಲ್ಲ ಇವೆ. ಬಾಯಿಪಾಠ ಬರುತ್ತದೆ.

ಓರಿನ್‌ನ ಮೊದಲ ಭಾಷಣ ಕಲ್ಲಿನಲ್ಲಿ ಕೆತ್ತಿದ ಹಾಗಿದೆ, ತಪ್ಪುವುದಿಲ್ಲ. ಆಮೇಲೆ ನಾನು ಪ್ರಶ್ನೆ ಹಾಕಿದರೆ ತೊಡರುತ್ತಾನೆ. ಇವತ್ತು ಹೀಗಾಯಿತು.

"ಮಿಸ್ಟರ್ ಮ್ಯಾಡಕ್ಸ್," ಅಂದೆ ಬ್ರಾಂಟ್‌ನ ಹಾಗೆ ಮೂಗು ಎತ್ತಿ, "ಪ್ರೀತಿಸಿದವನು ಸತ್ತಾಗ ಜನ ಏನನ್ನಾದರೂ ಕಾಣುತ್ತಾರೆ. ದುಃಖಕ್ಕೆ ಕಣ್ಣು ಹುಟ್ಟುತ್ತೆ. ಅದು ಸಾಕ್ಷಿನಾ?"

ಅವನು ಬೆಚ್ಚಿ ನೋಡಿದ. "ಇದು ಬ್ರಾಂಟ್ ಕೇಳಿದ್ದಲ್ಲ."

"ಬ್ರಾಂಟೇ ಕೇಳಿದ್ದು."

"ಎಲ್ಲಿ? ಯಾವ ಊರಲ್ಲಿ?"

ಹುಡುಕಿದೆ. ಹನ್ನೊಂದು ಪುಸ್ತಕದಲ್ಲೂ ಸಿಗಲಿಲ್ಲ. ಎಲ್ಲೋ ಕೇಳಿರಬೇಕು. ನನಗೆ ಅಂಥ ಪ್ರಶ್ನೆ ಹುಟ್ಟುವುದಿಲ್ಲ, ನಾನು ಯಾವತ್ತೂ ಅನುಮಾನಪಟ್ಟವಳಲ್ಲ.

ಮೇ 3

ಮಧ್ಯಾಹ್ನ ಆಕಾಶ ಹಸಿರಾಯಿತು. ಸುಂಟರಗಾಳಿಯ ಸೈರನ್ ಕೂಗಿತು. ಅವನ ತೋಳು ಹಿಡಿದು ಹಿತ್ತಲಿನ ನೆಲಮಾಳಿಗೆಗೆ ಇಳಿಸಿದೆ, ಬಾಗಿಲ ಚಿಲಕ ಹಾಕಿದೆ. ಉಪ್ಪಿನಕಾಯಿ ಜಾಡಿಗಳ ನಡುವೆ ಕೂತೆವು. ಮೇಲೆ ಗಾಳಿ ರೈಲಿನ ಹಾಗೆ ಶಬ್ದ ಮಾಡುತ್ತಿತ್ತು.

ಓರಿನ್ ನನ್ನನ್ನು ನೋಡಿದ. ತುಂಬ ಮರ್ಯಾದೆಯಿಂದ ಕೇಳಿದ: "ಅಮ್ಮಾ, ನಿಮ್ಮೋರೆಲ್ಲ ಎಲ್ಲಿ?"

ಅವನ ಕೈ ಹಿಡಿದುಕೊಂಡೆ.

"ಓರಿನ್, ನಾನು. ಲಿಯೋಟಾ."

"ಇಲ್ಲ ಇಲ್ಲ, ನನ್ನ ಹೆಂಡತಿ ಮನೇಲೇ ಉಳಿದುಬಿಟ್ಟಿದ್ದಾಳೆ," ಅಂದವನೇ ಎದ್ದ. "ಅವಳನ್ನ ಕರ್ಕೊಂಡು ಬರ್ತೀನಿ."

ಬಾಗಿಲಿಗೆ ಅಡ್ಡ ನಿಂತೆ. ತಳ್ಳಿದ. ಅರವತ್ತಾರು ವರ್ಷದವನಲ್ಲಿ ಅಷ್ಟು ಬಲ ಎಲ್ಲಿತ್ತೋ. ಚಿಲಕಕ್ಕೆ ಕೈ ಹಾಕಿದ, ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. "ದಾರಿ ಬಿಡಮ್ಮ! ನನ್ ಹೆಂಡ್ತಿ ಮೇಲಿದ್ದಾಳೆ!" ಎಂದು ಕಿರುಚಿದ. ಮೇಲೆ ಏನೋ ಮುರಿದು ಬಿತ್ತು. ನಾನೇ ಲಿಯೋಟಾ, ನಾನೇ ಲಿಯೋಟಾ ಎಂದು ಎಷ್ಟು ಸಲ ಹೇಳಿದರೂ ನಂಬಲಿಲ್ಲ. ಕೊನೆಗೆ ನಾನೂ ಕಿರುಚಿದೆ:

"ನಿಮ್ಮ ಹೆಂಡತಿ ಓಪಲ್ ಮನೆ ನೆಲಮಾಳಿಗೇಲಿ ಇದ್ದಾಳೆ! ನಾನೇ ಕಳಿಸಿ ಬಂದೆ. ಕ್ಷೇಮವಾಗಿದ್ದಾಳೆ."

"ನಿಜವಾಗ್ಲೂ?"

"ದೇವರಾಣೆ."

ಆಗ ಕೂತ. ಬೆವರು ಒರೆಸಿಕೊಂಡ. ತಲೆ ಬಗ್ಗಿಸಿ ಪ್ರಾರ್ಥಿಸಿದ: "ಕರ್ತನೇ, ಲಿಯೋಟಾಗೆ ಗುಡುಗು ಅಂದ್ರೆ ಭಯ. ಹೇಳಿಕೊಳ್ಳಲ್ಲ ಅವಳು. ನಾನು ಪಕ್ಕದಲ್ಲಿಲ್ಲ ಇವತ್ತು. ನೀನಿರು."

ನನಗೆ ಗುಡುಗೆಂದರೆ ಭಯ ಎಂದು ಅವನಿಗೆ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಹಿತ್ತಲಿನ ವಾಲ್ನಟ್ ಮರ ಉರುಳಿದೆ, ಮನೆ ಉಳಿದಿದೆ. ಮೇಲೆ ಬಂದ ಮೇಲೆ "ಲಿಯೋಟಾ, ಕಾಫಿ ಎಲ್ಲೇ?" ಅಂದ. ಕಾಫಿ ಮಾಡಿಕೊಟ್ಟೆ. ದೇವರಾಣೆ ಹಾಕಿ ಸುಳ್ಳು ಹೇಳಿದ್ದೇನೆ. ಅದಕ್ಕೆ ಪಶ್ಚಾತ್ತಾಪಪಡಲು ಸಮಯವಾಗಲಿಲ್ಲ.

ಮೇ 12, ಭಾನುವಾರ, ಟುಲ್ಸಾ, ಮೋಟೆಲ್

ನಿನ್ನೆಯದನ್ನು ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಮಾರ್ಬಲ್ ಫೋರ್ಕ್‌ನಿಂದ ಇಲ್ಲಿಯವರೆಗೆ ನಾನೇ ಗಾಡಿ ಓಡಿಸಿದೆ. ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಕಣ್ಣು ಮುಚ್ಚುವಷ್ಟು ಹೆದರಿದೆ, ಮುಚ್ಚಲಿಲ್ಲ. ಓರಿನ್ ಪಕ್ಕದಲ್ಲಿ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ ಕೂತಿದ್ದ.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚರ್ಚಿನ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದು ಬದಿ ನಮ್ಮವರು ಬೈಬಲ್ ಹಿಡಿದು, ಇನ್ನೊಂದು ಬದಿ ಕಾಲೇಜಿನ ಹುಡುಗರು ಬ್ರಾಂಟ್‌ಗೆ ಶಿಳ್ಳೆ ಹೊಡೆಯಲು. ಮುಂದಿನ ಸಾಲಿನಲ್ಲಿ ನಾನು, ಪಕ್ಕದಲ್ಲಿ ಕಾರ್ವರ್. ಬ್ರಾಂಟ್ ಬಂದು ನನ್ನ ಕೈ ಕುಲುಕಿದ. ಕೂದಲು ಪೂರ್ತಿ ಬೆಳ್ಳಗಾಗಿದೆ. "ನಿಮ್ಮ ಯಜಮಾನರು ಇವತ್ತು ನನ್ನನ್ನ ಎಷ್ಟು ಹೊತ್ತಲ್ಲಿ ನುಂಗ್ತಾರೆ?" ಅಂದ. ನಗಲು ಹೋದೆ, ಆಗಲಿಲ್ಲ. ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿದ.

ಓರಿನ್ ಮೊದಲು ಮಾತಾಡಿದ. ಗಂಟೆ ಬಾರಿಸಿದ ಹಾಗಿತ್ತು. ಸತ್ತದ್ದು ನಿಜ, ಹೂಳಿದ್ದು ನಿಜ, ಸಮಾಧಿ ಬರಿದಾದದ್ದು ನಿಜ, ಹೆದರಿ ಓಡಿದ್ದ ಶಿಷ್ಯರು ಸಾಯಲೂ ಸಿದ್ಧರಾದದ್ದು ನಿಜ. ಎಲ್ಲ ಹೇಳಿದ. ನಡುವೆ ಹೇಸರಗತ್ತೆಯ ಜೋಕು, ಎಲ್ಲರೂ ನಕ್ಕರು. ನಾನು ಉಸಿರು ಬಿಟ್ಟೆ. ಬ್ರಾಂಟ್ ಎದ್ದು ಆಕ್ಷೇಪ ಎತ್ತಿದ. ಮತ್ತೆ ಓರಿನ್‌ನ ಸರದಿ.

ಎದ್ದ. ಕೋಟು ಎಳೆದುಕೊಂಡ. "ಸ್ನೇಹಿತರೇ, ಈ ಸಂಜೆ ನಿಮ್ಮ ಮುಂದೆ ಒಂದು ಮೊಕದ್ದಮೆ ಇಡುತ್ತೇನೆ..."

ಮೊದಲ ಭಾಷಣದ ಮೊದಲ ಸಾಲು.

ಮೊದಲು ಯಾರಿಗೂ ತಿಳಿಯಲಿಲ್ಲ. ಅವನು ಅದೇ ಸಾಲುಗಳನ್ನು ಅದೇ ಕೈ ಬೀಸಿ ಹೇಳುತ್ತಾ ಹೋದ. ಗುಸುಗುಸು ಶುರುವಾಯಿತು. ಹೇಸರಗತ್ತೆಯ ಜೋಕಿಗೆ ಬಂದು, ಹೇಳಿ, ನಗುವಿಗಾಗಿ ನಿಂತ. ಯಾರೂ ನಗಲಿಲ್ಲ. ಕಾಲೇಜಿನ ಹುಡುಗನೊಬ್ಬ ಹಿಂದಿನಿಂದ "ಟೇಪ್ ಸಿಕ್ಕಿಹಾಕ್ಕೊಂಡಿದೆ!" ಎಂದು ಕೂಗಿದ. ಕಾರ್ವರ್ ನನ್ನ ಕಡೆ ತಿರುಗಿ, "ಏನಿದು? ಏನಾಗ್ತಿದೆ?" ಅಂದ. ಓರಿನ್ ಮತ್ತೆ ನನ್ನನ್ನು ಹುಡುಕುತ್ತಿದ್ದ. ಅವನು ಅಲ್ಲಿ ಮುಳುಗುತ್ತಿದ್ದ, ನಾನು ಕೂತು ನೋಡುತ್ತಿದ್ದೆ.

ಎದ್ದವನು ಬ್ರಾಂಟ್.

ತನ್ನ ಮೈಕಿನ ಹತ್ತಿರ ಹೋಗದೆ ಓರಿನ್‌ನ ಪಕ್ಕಕ್ಕೆ ಬಂದು ನಿಂತ. ಹೆಗಲ ಮೇಲೆ ಕೈಯಿಟ್ಟ.

"ಮ್ಯಾಡಕ್ಸ್ ತಮ್ಮ ಮಾತನ್ನ ಮೊದಲಿಂದ ಯಾಕೆ ಶುರುಮಾಡಿದರು ಗೊತ್ತಾ ನಿಮಗೆ?" ಅಂದ ಸಭೆಗೆ. "ಮೊದಲ ಸಲ ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಜಾರಿಕೊಂಡೆ. ಅವರು ಬಿಡೋ ಆಸಾಮಿ ಅಲ್ಲ."

ನಗು ಬಂತು. ಓರಿನ್‌ನನ್ನು ಮೆಲ್ಲಗೆ ಕುರ್ಚಿಗೆ ಕೂರಿಸಿ ಮುಂದುವರಿಸಿದ.

"ಇಪ್ಪತ್ತು ವರ್ಷ ಈ ಮನುಷ್ಯನ ಜೊತೆ ಜಗಳ ಆಡಿದ್ದೀನಿ. ಎದುರಾಳಿಯ ವಾದವನ್ನ ಅವನಷ್ಟೇ ಚೆನ್ನಾಗಿ ಹೇಳಕ್ಕೆ ಬರದೋನಿಗೆ ಅದನ್ನ ಅಲ್ಲಗಳೆಯೋ ಹಕ್ಕಿಲ್ಲ. ನನಗೆ ಆ ಹಕ್ಕಿದೆಯಾ ನೋಡೇಬಿಡೋಣ. ಇನ್ನು ಮುಂದೆ ಮ್ಯಾಡಕ್ಸ್ ಪರ ನಾನು ವಾದಿಸ್ತೀನಿ. ತಪ್ಪಿದರೆ ಅವರು ತಡೀತಾರೆ."

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ದೇವರಿಲ್ಲ ಎನ್ನುವವನು ಯೇಸುವಿನ ಪುನರುತ್ಥಾನಕ್ಕೆ ವಾದ ಹೂಡಿದ. ಅಣಕವಿರಲಿಲ್ಲ. ತನ್ನದೇ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿ, ಓರಿನ್ ವಿಚಿಟಾದಲ್ಲಿ ಹೇಗೆ ಉತ್ತರ ಕೊಟ್ಟಿದ್ದ, ಡಲ್ಲಸ್‌ನಲ್ಲಿ ಹೇಗೆ ತನ್ನನ್ನು ಮೂಲೆಗೆ ತಳ್ಳಿದ್ದ ಎಂದು ಹೇಳಿದ. ಓರಿನ್‌ಗೆ ಅತ್ಯಂತ ಪ್ರಿಯವಾದ ವಾದಕ್ಕೆ ಬಂದ. "ಬರಿದಾದ ಸಮಾಧಿಯನ್ನ ಮೊದಲು ಕಂಡವರು ಹೆಂಗಸರು. ಆ ಕಾಲದಲ್ಲಿ ಹೆಂಗಸಿನ ಮಾತನ್ನ ಯಾವ ಕೋರ್ಟೂ ಕಿವಿಗೆ ಹಾಕ್ಕೊತಿರಲಿಲ್ಲ. ಕಥೆ ಕಟ್ಟೋನು ಯಾರಾದರೂ ಅಂಥ ಸಾಕ್ಷೀನ ಕಟ್ಕೊಳ್ತಾನಾ? ಹೆಂಗಸರನ್ನ ಹೆಸರಿಸಿದ್ದಾರೆ ಅಂದ್ರೆ ಕಾರಣ ಒಂದೇ. ಅಲ್ಲಿದ್ದಿದ್ದು ಅವರೇ."

ಆಗ ಓರಿನ್ ಚಪ್ಪಾಳೆ ತಟ್ಟಿದ. ಒಬ್ಬನೇ. ಅವನ ಮುಂದಿನ ಮೈಕ್ ಆನ್ ಆಗಿತ್ತು. ಪಕ್ಕದಲ್ಲಿದ್ದ ಸಭೆಯ ಅಧ್ಯಕ್ಷರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು:

"ಚೆನ್ನಾಗಿ ಹೇಳ್ತಾನಲ್ಲ ಈ ಮನುಷ್ಯ! ಯಾರು ಇವನು?"

ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಎಂಥ ಮಾತಿನ ಮಲ್ಲ ಮ್ಯಾಡಕ್ಸ್ ಎಂದು ಕಾಲೇಜಿನ ಹುಡುಗರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಬ್ರಾಂಟ್ ನಗಲಿಲ್ಲ. ಅವನು ಮೈಕಿನಿಂದ ಮುಖ ತಿರುಗಿಸಿದ್ದನ್ನು ನಾನು ನೋಡಿದೆ.

ಮೇ 13

ಬೆಳಿಗ್ಗೆ ತಿಂಡಿಗೆ ಮೋಟೆಲಿನ ಕೆಳಗಡೆ ಬ್ರಾಂಟ್ ಕಾಯುತ್ತಿದ್ದ. ಓರಿನ್ ಮೆತ್ತನೆ ಬನ್ನಿನಂಥ ಬಿಸ್ಕತ್ತಿಗೆ ಗ್ರೇವಿ ಸುರಿದುಕೊಳ್ಳುವುದರಲ್ಲಿ ಮಗ್ನನಾಗಿದ್ದ.

"ಯಾವಾಗಿಂದ?" ಅಂದ ಬ್ರಾಂಟ್ ತಗ್ಗಿದ ಧ್ವನಿಯಲ್ಲಿ.

"ಚಳಿಗಾಲದಿಂದ. ಮುಂಚೆಯೂ ಇತ್ತೇನೋ." ನನ್ನ ಬಾಯಿಂದ ಹೇಗೆ ಬಂತೋ. ಮೊದಲು ಹೇಳಿದ್ದು ಅವನಿಗೆ, ಆ ಬ್ರಾಂಟ್‌ಗೆ. "ದಯವಿಟ್ಟು ಯಾರಿಗೂ..."

"ನಾನು ಯಾರಿಗೆ ಹೇಳಲಿ? ನಮ್ಮ ಕಡೆಯವರು ಮೊನ್ನೆಯಿಂದ ನನ್ನ ಜೊತೆ ಮಾತೇ ಬಿಟ್ಟಿದ್ದಾರೆ." ಕಾಫಿ ಕುಡಿದ. "ನಾನು ಅದರಲ್ಲಿ ಒಂದಕ್ಷರಾನೂ ನಂಬಲ್ಲ, ಲಿಯೋಟಾ. ಗೊತ್ತಿರಲಿ."

"ಗೊತ್ತು."

"ಆದರೆ ಅಷ್ಟು ಒಳ್ಳೆ ವಾದ ಅನಾಥವಾಗಿ ಬೀದೀಲಿ ನಿಂತಿದ್ದನ್ನ ನೋಡೋಕಾಗಲಿಲ್ಲ."

ಇಂಥವನು ನರಕಕ್ಕೆ ಹೋಗುತ್ತಾನೆಂದು ಓರಿನ್ ಏಳನೆಯ ಪುಸ್ತಕದಲ್ಲಿ ಬರೆದಿದ್ದಾನೆ. ನಾನೇ ಟೈಪ್ ಮಾಡಿದ್ದೆ. ಇದನ್ನು ಯಾಕೆ ಬರೆದೆನೋ ತಿಳಿಯದು.

ಜೂನ್ 2

ಬ್ರಾಂಟ್ ಟುಲ್ಸಾದಲ್ಲಿ ಯೇಸುವನ್ನು ಒಪ್ಪಿಕೊಂಡನೆಂದು ಸುದ್ದಿ ಹಬ್ಬಿದೆ. ಆರಾಧನೆ ಮುಗಿದ ಮೇಲಿನ ಊಟದಲ್ಲಿ ಓಪಲ್ ಬಡಿಸುತ್ತಾ, "ಕೇಳಿದ್ರಾ, ಓರಿನ್ ಸುಮ್ಮನೆ ಕೂತಿದ್ದನಂತೆ, ಪವಿತ್ರಾತ್ಮ ಆ ನಾಸ್ತಿಕನ ಗಂಟಲು ಹಿಡಿದು ಸತ್ಯ ಹೇಳಿಸಿತಂತೆ!" ಅಂದಳು. ಎಲ್ಲರೂ ಸ್ತೋತ್ರ ಅಂದರು. ಸಭಾಪಾಲಕರು ಓರಿನ್‌ಗೆ ಎದ್ದು ದೇವರ ಕೆಲಸಕ್ಕೆ ಸಾಕ್ಷಿ ಹೇಳಿ ಎಂದರು. ಓರಿನ್ ಚಮಚ ಹಿಡಿದು ಎದ್ದ. ಬಾಯಿ ತೆರೆದ. ಏನೂ ಬರಲಿಲ್ಲ.

ನಾನು ಎದ್ದು ನಿಂತೆ. ನಮ್ಮ ಚರ್ಚಿನಲ್ಲಿ ಹೆಂಗಸರು ಗಂಡಸರ ನಡುವೆ ನಿಂತು ಮಾತಾಡುವ ರೂಢಿಯಿಲ್ಲ.

"ಪ್ರೊಫೆಸರ್ ಬ್ರಾಂಟ್ ಏನನ್ನೂ ಒಪ್ಪಿಕೊಂಡಿಲ್ಲ," ಅಂದೆ. "ನನ್ನ ಗಂಡನಿಗೆ ಮರೆವಿನ ಕಾಯಿಲೆ. ಅವನ ಮಾನ ಹೋಗ್ತಿತ್ತು. ಆ ಮನುಷ್ಯ ಉಳಿಸಿದ. ಅಷ್ಟೇ ನಡೆದದ್ದು."

ಬಟಾಣಿ ಬಡಿಸುವ ಸೌಟು ಯಾರದೋ ಕೈಯಿಂದ ಬಿತ್ತು. ಗಂಡನನ್ನು ಕೂರಿಸಿ ಅವನ ತಟ್ಟೆಯ ಮಾಂಸವನ್ನು ಚಿಕ್ಕದಾಗಿ ಕತ್ತರಿಸಿಕೊಟ್ಟೆ. ಎಲ್ಲರೂ ನೋಡುತ್ತಿದ್ದರು. ಆಮೇಲೆ ಓಪಲ್ ಬಂದು ಪಕ್ಕದಲ್ಲಿ ಕೂತಳು. "ಅಣೆಕಟ್ಟಿನ ದಿನವೇ ಹೇಳಬಾರದಿತ್ತೇನೇ, ಕತ್ತೆ," ಅಂದಳು. ಕಣ್ಣೀರು ಒರೆಸಿಕೊಳ್ಳದೆ ಊಟ ಮಾಡಿದಳು.

ಜೂನ್ 6

ಕಾರ್ವರ್ ಧ್ವನಿಸುರುಳಿ ನಿಲ್ಲಿಸುವುದಿಲ್ಲವಂತೆ. ನಿಲ್ಲಿಸಬೇಕು ಅಂದೆ. ಓರಿನ್‌ಗೆ ಫೋನ್ ಕೊಡಿ ಅಂದ. "ಈಗ ನನ್ನ ಜೊತೆಯೇ ಮಾತಾಡಬೇಕು," ಅಂದೆ. ನಿಲ್ಲಿಸುತ್ತಾನಂತೆ.

ಜುಲೈ 9

ಬಿಸಿಲು. ಸ್ನಾನ ಮಾಡಿಸುವಾಗ ಹೊಡೆದ. ನೋಯಲಿಲ್ಲ, ಹೆದರಿಕೆಯಾಯಿತು.

ಜುಲೈ 16

ಹೊಸದೊಂದು ಶುರುವಾಗಿದೆ. ಬೆಳಿಗ್ಗೆ ಕಾಫಿ ಮುಂದೆ ಕೂತು ಕೇಳಿದ:

"ಆ ಮನುಷ್ಯನಿಗೆ ಏನಾಯಿತು?"

"ಯಾವ ಮನುಷ್ಯ?"

"ಒಳ್ಳೆಯೋನು. ಕುಂಟರನ್ನೆಲ್ಲ ನಡೆಸ್ತಿದ್ದನಲ್ಲ. ಅವನನ್ನ ಹಿಡ್ಕೊಂಡು ಹೋದ್ರಲ್ಲ."

ತಿಳಿಯಿತು. "ಅವನನ್ನ ಕೊಂದರು, ಓರಿನ್. ಶಿಲುಬೆಗೆ ಹಾಕಿದರು."

ಮನೆಯವರು ಸತ್ತ ಸುದ್ದಿ ಕೇಳಿದ ಹಾಗೆ ಅತ್ತ. ಭುಜ ಕುಲುಕಿ ಕುಲುಕಿ ಅತ್ತ. ಇಷ್ಟು ವರ್ಷ ಅದರ ಬಗ್ಗೆ ವಾದ ಮಾಡಿದವನು, ಅಳುವುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನಾನು ಓಡಿ ಹೋಗಿ 'ಮೂರನೆಯ ಬೆಳಗು' ತಂದು ಅವನಿಗೇ ಓದಿದೆ: ಮೊದಲನೆಯ ಆಧಾರ, ಎರಡನೆಯ ಆಧಾರ. ಸ್ವಲ್ಪ ಹೊತ್ತು ಕೇಳಿ ಪುಸ್ತಕವನ್ನು ತಳ್ಳಿದ.

"ಇದು ಯಾರೋ ವಕೀಲ ಬರೆದಿದ್ದು. ಆಮೇಲೆ ಏನಾಯಿತು ಹೇಳು."

"ಎದ್ದು ಬಂದ," ಅಂದೆ.

"ಬಂದನಾ!" ಅಂದ. ಮುಖ ಮೊರದಗಲ ಅರಳಿತು. ಕಾಫಿ ಪೂರ್ತಿ ಕುಡಿದ.

ಜುಲೈ 30

ದಿನಾ ಕೇಳುತ್ತಾನೆ. ದಿನಾ ಅಳುತ್ತಾನೆ. ದಿನಾ ನಾನು ಹೇಳಬೇಕು.

ಆಗಸ್ಟ್ 14

ಇವತ್ತು ಹೇಳಲಾಗಲಿಲ್ಲ.

ಬೆಳಿಗ್ಗೆಯಿಂದ ಎರಡು ಸಲ ಹಾಸಿಗೆ ಒಗೆದಿದ್ದೆ. ನನ್ನ ಕೈ ಕಚ್ಚಿದ್ದ. ಒಲೆ ಮುಂದೆ ನಿಂತಾಗ ಬೆನ್ನ ಹಿಂದಿನಿಂದ ಕೇಳಿದ, ಆಮೇಲೆ ಏನಾಯಿತು ಅಂತ. "ನನಗೆ ಗೊತ್ತಿಲ್ಲ ಓರಿನ್," ಅಂದೆ. ಒಳಗಿಂದ ಬಂದದ್ದು ಅದೇ.

ಅವನು ಅಳಲಿಲ್ಲ. ಅದೇ ಕೆಟ್ಟದ್ದು. ಕುರ್ಚಿಯಿಂದ ಎದ್ದು ಗೋಡೆಗೆ ಒರಗಿ ನಿಂತ. ಸಂಜೆಯ ತನಕ ಊಟ ಮುಟ್ಟಲಿಲ್ಲ. ಕಣ್ಣಲ್ಲಿ ಅಂಥ ಭಯವನ್ನು ಸುಂಟರಗಾಳಿಯ ದಿನವೂ ಕಂಡಿರಲಿಲ್ಲ. ಕೊಂದರು ಎನ್ನುವುದನ್ನಷ್ಟೇ ಇಟ್ಟುಕೊಂಡು ಒಬ್ಬ ಮನುಷ್ಯ ದಿನವಿಡೀ ಕೂತಿದ್ದ. ನಾನೂ ಕೂತಿದ್ದೆ.

ಏನೇನೋ ಪ್ರಾರ್ಥಿಸಬೇಕೆಂದುಕೊಂಡೆ. "ನೀನಿರು" ಎನ್ನುವುದಷ್ಟೇ ಬಂತು.

ಆಗಸ್ಟ್ 15

ಕೇಳಿದ. ಹೇಳಿದೆ. ಧ್ವನಿ ನಡುಗಿತು. ಹೇಳಿದೆ.

ಸೆಪ್ಟೆಂಬರ್ 21

ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಔಷಧಿ ತಂದೆ, ದಾರಿಯಲ್ಲಿ ಪೀಚ್ ಚೆನ್ನಾಗಿ ಕಂಡಿತು, ನಿಲ್ಲಿಸಿ ತೆಗೆದುಕೊಂಡೆ. ಅಷ್ಟು ಹೊತ್ತು ಓಪಲ್ ಓರಿನ್ ಜೊತೆ ಕೂತಿದ್ದಳು.

ವಾಪಸು ಬಂದಾಗ ಬಾಗಿಲಲ್ಲಿ ಲೈಲ್ ಬ್ರಾಂಟ್‌ನ ಗಾಡಿ. ಒಳಗೆ ಅವನೂ ಓಪಲ್‌ಳೂ ಎದುರುಬದುರು ಕೂತು ಐಸ್ ಟೀ ಕುಡಿಯುತ್ತಿದ್ದರು. "ನಾಸ್ತಿಕ ಅಂದ್ರೆ ಕೊಂಬಿರುತ್ತೆ ಅಂದ್ಕೊಂಡಿದ್ದೆ ಕಣೇ," ಅಂದಳು ಓಪಲ್ ಅವನೆದುರೇ. "ಇವನಿಗೆ ಸಕ್ಕರೆ ಕಾಯಿಲೆ ಅಷ್ಟೇ." ಆಮೇಲೆ ತನ್ನ ಮನೆಗೆ ಹೋದಳು. ಅವನು ರಾತ್ರಿ ಇಲ್ಲೇ ಉಳಿದ, ಮುಂದಿನ ಕೋಣೆಯಲ್ಲಿ.

ಸೆಪ್ಟೆಂಬರ್ 22

ಬೆಳಿಗ್ಗೆ ಮೂವರೂ ಮೇಜಿನ ಮುಂದಿದ್ದೆವು. ಓರಿನ್ ಪೀಚ್ ಹಣ್ಣನ್ನು ಕೈಯಲ್ಲಿ ತಿರುಗಿಸುತ್ತಿದ್ದವನು ನನ್ನ ಬದಲು ಲೈಲ್‌ನನ್ನು ಕೇಳಿದ:

"ಆ ಮನುಷ್ಯನಿಗೆ ಏನಾಯಿತು?"

ಲೈಲ್ ನನ್ನನ್ನು ನೋಡಿದ. ನಾನು ಫೋನಿನಲ್ಲಿ ಹೇಳಿದ್ದೆ, ಅವನಿಗೆ ಗೊತ್ತಿತ್ತು.

"ಅವನನ್ನ ಕೊಂದರು, ಓರಿನ್," ಅಂದ ಮೆಲ್ಲಗೆ. "ಆಮೇಲೆ ಹೂಳಿದರು."

ಓರಿನ್‌ನ ಮುಖ ಮುದುಡಿತು. "ಆಮೇಲೆ?"

ಲೈಲ್ ಬಾಯಿ ತೆರೆದ, ಮುಚ್ಚಿದ. ಟುಲ್ಸಾದಲ್ಲಿ ಸಾವಿರ ಜನರ ಮುಂದೆ ನಿರರ್ಗಳವಾಗಿ ಹೇಳಿದವನು. ಅಡುಗೆಮನೆಯಲ್ಲಿ ಅವನಿಂದ ಆಗಲಿಲ್ಲ. ಆಗದೆ ಹೋದದ್ದಕ್ಕೆ ನನಗೆ ಅವನ ಮೇಲೆ ಗೌರವ ಹೆಚ್ಚಾಯಿತು. ಓರಿನ್‌ನ ಕೈಯಿಂದ ಪೀಚ್ ಉರುಳಿತು.

"ಆಮೇಲೆ ಎದ್ದು ಬಂದ," ಅಂದೆ.

ಎಂದಿನಂತೆ ಮುಖ ಅರಳುತ್ತದೆ ಅಂದುಕೊಂಡೆ. ಇಲ್ಲ. ನನ್ನ ಕಡೆ ಕಣ್ಣು ಕಿರಿದು ಮಾಡಿದ, ಹಿಂದೆ ವೇದಿಕೆಯ ಮೇಲೆ ಮಾಡುತ್ತಿದ್ದ ಹಾಗೆ.

"ನೀವು ನೋಡಿದ್ರಾ?"

"ಇಲ್ಲ."

"ಮತ್ತೆ ನಿಮಗೆ ಹೇಗೆ ಗೊತ್ತು?"

ಲೈಲ್ ತಲೆಯೆತ್ತಿದ. ಹನ್ನೊಂದು ಪುಸ್ತಕ ಇದ್ದವು ಕಪಾಟಿನಲ್ಲಿ. ಒಂದೂ ನೆನಪಿಗೆ ಬರಲಿಲ್ಲ.

"ನೀನೇ ಹೇಳಿದ್ದು ನನಗೆ."

"ನಾನಾ?"

"ನೀನೇ. ಮದುವೆಗೆ ಮುಂಚೆ, ನಮ್ಮಪ್ಪನ ಮನೆ ಮೆಟ್ಟಿಲ ಮೇಲೆ ಕೂತು. ನಮ್ಮಮ್ಮ ತೀರಿಕೊಂಡ ವಾರ. ಆಮೇಲೂ ಎಷ್ಟೋ ಸಲ."

ಅವನು ಯೋಚಿಸಿದ.

"ನಾನು ಸುಳ್ಳು ಹೇಳೋ ಮನುಷ್ಯನಾ?"

"ಅಲ್ಲ ಓರಿನ್. ಯಾವತ್ತೂ ಅಲ್ಲ."

"ಹಾಗಾದ್ರೆ ಸರಿ," ಅಂದ. ಪೀಚ್ ಎತ್ತಿಕೊಂಡು ಕಚ್ಚಿದ.

ಲೈಲ್ ಎದ್ದು ಹಿತ್ತಲಿಗೆ ಹೋದ. ಉರುಳಿದ ವಾಲ್ನಟ್ ಮರದ ಮೇಲೆ ಬಹಳ ಹೊತ್ತು ಕೂತಿದ್ದ. ಹೊರಡುವಾಗ ಗಾಡಿಯ ಬಾಗಿಲು ಹಿಡಿದು ಕೇಳಿದ:

"ಒಂದು ಮಾತು ಕೇಳ್ತೀನಿ, ಬೇಜಾರಿಲ್ಲ ತಾನೆ? ಅವನನ್ನ ಸಮಾಧಾನ ಮಾಡಕ್ಕೆ ಹೇಳ್ತೀಯಾ, ಇಲ್ಲ ನಂಬಿ ಹೇಳ್ತೀಯಾ?"

"ಇವತ್ತು ನಂಬಿ ಹೇಳಿದೆ," ಅಂದೆ. "ಹೇಳಕ್ಕಾಗದ ದಿನವೂ ಇತ್ತು. ನಾಳೆ ಹೇಗೋ ಗೊತ್ತಿಲ್ಲ. ದಿನಾ ಬೆಳಿಗ್ಗೆ ಭಯ ಆಗುತ್ತೆ ಲೈಲ್."

"ಇಪ್ಪತ್ತು ವರ್ಷದಲ್ಲಿ ನಿಮ್ಮ ಕಡೆಯಿಂದ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಉತ್ತರ ಇದು," ಅಂದ. "ಪುಣ್ಯಕ್ಕೆ ನಿನ್ನನ್ನ ವೇದಿಕೆ ಹತ್ತಿಸಲಿಲ್ಲ ಅವನು."

ಹೊಗಳಿದನೋ ಛೇಡಿಸಿದನೋ. ಪೀಚ್ ಕಟ್ಟಿಕೊಡಲು ಹೋದೆ, ಅವನಿಗೆ ಸಕ್ಕರೆ ಕಾಯಿಲೆ ಅಂತ ಆಮೇಲೆ ನೆನಪಾಯಿತು.

ನವೆಂಬರ್ 6

ಮೊದಲ ಹಿಮ. ಓರಿನ್‌ನ ಮಾತು ಕಡಿಮೆಯಾಗಿದೆ. ದಿನಕ್ಕೆ ಎರಡು ಮೂರು.

ನವೆಂಬರ್ 19

ಇವತ್ತು ಅವನು ಕೇಳಲಿಲ್ಲ.

ಕಾಫಿ ಮುಂದಿಟ್ಟು ಕಾದೆ. ಕಿಟಕಿಯ ಕಡೆ ನೋಡುತ್ತಿದ್ದ. ಗಂಜಿ ತಿನ್ನಿಸಿದೆ, ಬಾಯಿ ಒರೆಸಿದೆ. ಈಗ ಕೇಳುತ್ತಾನೆ ಎಂದು ಮತ್ತೆ ಕಾದೆ. ಕಾಫಿ ತಣ್ಣಗಾಯಿತು. ಆ ಪ್ರಶ್ನೆಗೆ ಇಷ್ಟು ದಿನ ಹೆದರುತ್ತಿದ್ದೆ. ಅದು ಬಾರದೆ ಹೋದ ಮೌನದಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಕುರ್ಚಿ ಎಳೆದುಕೊಂಡು ಅವನ ಎದುರು ಕೂತೆ. ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಓರಿನ್," ಅಂದೆ, "ಆ ಮನುಷ್ಯನಿಗೆ ಆಮೇಲೆ ಏನಾಯಿತು ಗೊತ್ತಾ?"

ಮೊದಲಿನಿಂದ ಹೇಳಿದೆ.